ಆಪರೇಷನ್ ಟೇಬಲ್ ಮೇಲೆ ಕೊಡುವ ವಿಕಿರಣ: ಡೋಸ್ ಅಳೆಯಲು ಯಾವ ಸಾಧನ ಆರಿಸೋಣ?

ಸ್ತನದ ಗಡ್ಡೆ ತೆಗೆದಾಯಿತು. ರೋಗಿಗೆ ಇನ್ನೂ ಎಚ್ಚರವಿಲ್ಲ, ಗಾಯ ಹೊಲಿದಿಲ್ಲ. ಗಡ್ಡೆ ಇದ್ದ ಜಾಗದಲ್ಲಿ ಸರ್ಜನ್ ಒಂದು ಪ್ಲಾಸ್ಟಿಕ್ ಗುಂಡನ್ನು ಇಟ್ಟು, ಸುತ್ತಲಿನ ಮಾಂಸ ಅದಕ್ಕೆ ಒತ್ತಿಕೊಳ್ಳುವಂತೆ ದಾರ ಬಿಗಿಯುತ್ತಾರೆ. ಮುಂದಿನ ಅರ್ಧ ಗಂಟೆ ಆ ಗುಂಡಿನಿಂದ ಎಕ್ಸ್-ರೇ ಹೊರಬರುತ್ತದೆ. ಗುಂಡಿನ ಮೈಮೇಲೆ 20 ಗ್ರೇ ಡೋಸ್ (ವಿಕಿರಣ ಎಷ್ಟು ಬಿತ್ತು ಅಂತ ಹೇಳುವ ಮಾನ ಗ್ರೇ). ಒಂದೇ ಸಲ, ಅಲ್ಲಿಗೆ ಮುಗಿಯಿತು.

ಮಾಮೂಲಿ ರೇಡಿಯೋಥೆರಪಿಯಲ್ಲಿ ಹೀಗಲ್ಲ. 40 ಗ್ರೇಯನ್ನು 15 ದಿನಕ್ಕೋ, 50 ಗ್ರೇಯನ್ನು 25 ದಿನಕ್ಕೋ ಹಂಚಿ ಕೊಡುತ್ತಾರೆ. ಸೋಮವಾರ ಏನೋ ಹೆಚ್ಚುಕಡಿಮೆ ಆದರೆ ಮಂಗಳವಾರ ಗೊತ್ತಾಗುತ್ತದೆ, ಬುಧವಾರ ಸರಿಮಾಡಬಹುದು. ಆಪರೇಷನ್ ಹೊತ್ತಿನ ವಿಕಿರಣಕ್ಕೆ, ಅಂದರೆ ಐಒಆರ್‌ಟಿಗೆ, ಮಂಗಳವಾರ ಅನ್ನೋದೇ ಇಲ್ಲ. 20 ಅಂತ ಬರೆದದ್ದು ನಿಜವಾಗಿ 20 ಇತ್ತೇ ಅಂತ ಮೊದಲೇ ಗೊತ್ತಿರಬೇಕು. ಕೊಡುವಾಗಲೂ ನೋಡಿಕೊಂಡರೆ ಇನ್ನೂ ಒಳ್ಳೆಯದು.

ಈ ಕೆಲಸಕ್ಕೆ ಬರುವ ಹುಡುಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಸರ್, ಯಾವ ಡಿಟೆಕ್ಟರ್ ತರಿಸೋಣ?" ನಾನು "ಮೆಷಿನ್ ಯಾವುದಪ್ಪಾ?" ಅಂತ ವಾಪಸ್ ಕೇಳುತ್ತೇನೆ. ಅವರಿಗೆ ಬೇಜಾರಾಗುತ್ತದೆ. ಆದರೆ ಬೇರೆ ದಾರಿ ಇಲ್ಲ. ಒಂದು ಮೆಷಿನ್‌ಗೆ ಚೆನ್ನಾಗಿ ಕೆಲಸ ಮಾಡುವ ಡಿಟೆಕ್ಟರ್ ಇನ್ನೊಂದರ ಮುಂದೆ ಸುಳ್ಳು ಹೇಳುತ್ತದೆ. ಅದೂ ಬಹಳ ಧೈರ್ಯದಿಂದ, ದಶಾಂಶದ ನಂತರ ಎರಡು ಅಂಕಿ ಸೇರಿಸಿ ಹೇಳುತ್ತದೆ.

ಎರಡು ಜಾತಿಯ ಮೆಷಿನ್

ಮೊದಲನೆಯದು ಕಡಿಮೆ ಶಕ್ತಿಯ ಎಕ್ಸ್-ರೇ ಮೆಷಿನ್. ಝೈಸ್ ಕಂಪನಿಯ ಇಂಟ್ರಾಬೀಮ್ ಇದರಲ್ಲಿ ಹೆಸರಾದದ್ದು. 50 ಕಿಲೋವೋಲ್ಟ್, 40 ಮೈಕ್ರೋಆಂಪಿಯರ್. 10 ಸೆಂ.ಮೀ. ಉದ್ದದ, 3.2 ಮಿ.ಮೀ. ದಪ್ಪದ ಒಂದು ಕೊಳವೆ, ಅದರ ತುದಿಯಲ್ಲಿ ಎಕ್ಸ್-ರೇ ಹುಟ್ಟುತ್ತದೆ. ಕೊಳವೆಯ ಮೇಲೆ 1.5ರಿಂದ 5 ಸೆಂ.ಮೀ. ವ್ಯಾಸದ ಗುಂಡು ಅಪ್ಲಿಕೇಟರ್ ಹಾಕುತ್ತಾರೆ. ಲಂಡನ್ನಿನಲ್ಲಿ 1998ರಲ್ಲಿ ಇದನ್ನು ಸ್ತನ ಕ್ಯಾನ್ಸರ್‌ಗೆ ಬಳಸಲು ಶುರುಮಾಡಿದರು. ಒಂದೇ ಸಲದ ಈ ಚಿಕಿತ್ಸೆಯನ್ನು ಮಾಮೂಲಿ ರೇಡಿಯೋಥೆರಪಿ ಜೊತೆ ಹೋಲಿಸಿದ ಟಾರ್ಗಿಟ್-ಎ ಅಧ್ಯಯನ ನಡೆದದ್ದು ಇದರಲ್ಲೇ. ಅದರ ಮುಂದಾಳುಗಳಲ್ಲಿ ಒಬ್ಬರು ಭಾರತ ಮೂಲದ ಸರ್ಜನ್ ಜಯಂತ್ ವೈದ್ಯ. ಝಾಫ್ಟ್ ಆಕ್ಸೆಂಟ್ ಕೂಡ 50 ಕಿಲೋವೋಲ್ಟ್‌ನದೇ. ಅಲ್ಲಿ ಗಟ್ಟಿ ಗುಂಡಿನ ಬದಲು ಬಲೂನ್, ಒಳಗೆ ನೀರಿನಿಂದ ತಂಪಾಗುವ ಪುಟ್ಟ ಟ್ಯೂಬ್.

ಎರಡನೆಯದು ಚಕ್ರದ ಮೇಲೆ ಆಪರೇಷನ್ ಥಿಯೇಟರ್‌ಗೆ ತಳ್ಳಿಕೊಂಡು ಬರುವ ಎಲೆಕ್ಟ್ರಾನ್ ಲೀನಾಕ್, ಅಂದರೆ ಎಲೆಕ್ಟ್ರಾನ್‌ಗಳಿಗೆ ವೇಗ ಕೊಟ್ಟು ಹೊರಬಿಡುವ ಯಂತ್ರ. ಇಟಲಿಯ ನೊವಾಕ್7 ಮತ್ತು ಲಿಯಾಕ್, ಅಮೆರಿಕದ ಮೊಬೆಟ್ರಾನ್ ಈ ಜಾತಿಯವು. ಮೊಬೆಟ್ರಾನ್‌ನಲ್ಲಿ 6, 9 ಮತ್ತು 12 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಸಿಗುತ್ತದೆ. ಮಿಲಾನ್‌ನಲ್ಲಿ ಸರ್ಜನ್ ಉಂಬೆರ್ಟೊ ವೆರೊನೇಸಿ ಅವರ ತಂಡ ನಡೆಸಿದ ಅಂಥದ್ದೇ ಎಲಿಯಟ್ ಅಧ್ಯಯನಕ್ಕೆ 2000ರಿಂದ 2007ರ ತನಕ ರೋಗಿಗಳನ್ನು ಸೇರಿಸಿಕೊಂಡರು. ಅಲ್ಲಿ ಕೊಟ್ಟದ್ದು 21 ಗ್ರೇ, ಅದೂ 90% ರೇಖೆಗೆ. ಅಂದರೆ ಅತಿ ಹೆಚ್ಚು ಬೀಳುವ ಜಾಗದಲ್ಲಿ ಸುಮಾರು 23 ಗ್ರೇ. ಹೊತ್ತು ಹಿಡಿಯುವುದು ಒಂದೆರಡು ನಿಮಿಷ.

ಹೊರಗಿನಿಂದ ನೋಡಿದರೆ ಎರಡೂ ಒಂದೇ ಕೆಲಸ ಮಾಡುತ್ತವೆ. ಆದರೆ ಅಳೆಯಲು ಕೂತವನಿಗೆ ಎರಡೂ ಕೊಡುವ ತೊಂದರೆ ಬೇರೆ ಬೇರೆ.

ಎಕ್ಸ್-ರೇ ಗುಂಡಿನ ತೊಂದರೆ: ಒಂದು ಮಿಲಿಮೀಟರ್

ಸೌದೆ ಒಲೆಯ ಮುಂದೆ ಕೈ ಹಿಡಿದವರಿಗೆ ಗೊತ್ತು. ಒಂದು ಗೇಣು ಹಿಂದೆ ಸರಿದರೆ ಹಾಯೆನಿಸುತ್ತದೆ, ಮುಂದೆ ಹೋದರೆ ಸುಡುತ್ತದೆ. ಇಂಟ್ರಾಬೀಮ್‌ನಲ್ಲಿ ಆ ಗೇಣು ಅಂದರೆ ಒಂದು ಮಿ.ಮೀ.

3.5 ಸೆಂ.ಮೀ. ಗುಂಡನ್ನೇ ತೆಗೆದುಕೊಳ್ಳಿ. ಎಕ್ಸ್-ರೇ ಹುಟ್ಟುವುದು ನಡುಮಧ್ಯದಲ್ಲಿ, ಮೈ ಇರುವುದು 17.5 ಮಿ.ಮೀ. ದೂರದಲ್ಲಿ. ದೂರದ ವರ್ಗಕ್ಕೆ ತಕ್ಕಂತೆ ಡೋಸ್ ಇಳಿಯುತ್ತದೆ. ಮೈಯಿಂದ 1 ಮಿ.ಮೀ. ಆಚೆ ಹೋದರೆ ದೂರದ ಲೆಕ್ಕದಲ್ಲೇ ಸುಮಾರು 10% ಖೋತಾ. ಅಂಗಾಂಶ ಹೀರುವುದು ಬೇರೆ. 10 ಮಿ.ಮೀ. ಆಳದಲ್ಲಿ ಬರಿ ದೂರದ ಲೆಕ್ಕಕ್ಕೆ 20 ಗ್ರೇ 8 ಆಗುತ್ತದೆ. ಹೀರಿಕೆ ಸೇರಿದರೆ 5ರಿಂದ 7 ಗ್ರೇ. ಟಾರ್ಗಿಟ್‌ನವರು ಹೇಳುವ ಸಂಖ್ಯೆಯೂ ಇದೇ.

ಹಾಗಾಗಿ ಇಲ್ಲಿ ಡಿಟೆಕ್ಟರ್‌ನ ದಪ್ಪವೇ ದೊಡ್ಡ ವಿಷಯ. ಗುಂಡಿನ ಮೈಗೆ ಅಂಟಿಸಿದ, ವಿಕಿರಣಕ್ಕೆ ಬಣ್ಣ ಬದಲಿಸುವ ಫಿಲಂ 0.28 ಮಿ.ಮೀ. ದಪ್ಪ. ಅದರ ನಡುಪದರದಲ್ಲಿ ದೂರದಿಂದ ಆಗುವ ಖೋತಾ 2%ಗೂ ಕಡಿಮೆ. 0.9 ಮಿ.ಮೀ. ದಪ್ಪದ ಟಿಎಲ್‌ಡಿ ಚಿಪ್‌ನಲ್ಲಿ (ಬಿಸಿಮಾಡಿದಾಗ ಬೀರುವ ಬೆಳಕಿನಿಂದ ಡೋಸ್ ಹೇಳುವ ಹರಳು) 5%. 2 ಮಿ.ಮೀ. ಡಬ್ಬಿಯೊಳಗೆ ಕೂತ ನ್ಯಾನೋಡಾಟ್‌ನಲ್ಲಿ (ಬೆಳಕು ಬಿಟ್ಟು ಓದುವ ಒಎಸ್‌ಎಲ್‌ಡಿ ಜಾತಿಯದು) 10%. ಮೂರೂ "ಮೈಮೇಲೆ ಇಟ್ಟು ಅಳೆದದ್ದು" ಅಂತಲೇ ವರದಿಯಲ್ಲಿ ಬರೆಯುತ್ತೇವೆ. ಆದರೆ ಮೂರು ಅಳೆದದ್ದು ಮೂರು ಜಾಗ.

ಎರಡನೇ ತೊಂದರೆ ಶಕ್ತಿಯದು. ಆಸ್ಪತ್ರೆಯ ದೊಡ್ಡ ಲೀನಾಕ್‌ನಲ್ಲೋ ಕೋಬಾಲ್ಟ್-60ರಲ್ಲೋ ಡಿಟೆಕ್ಟರ್ ಹದಮಾಡಿ, ಅಂದರೆ ಗೊತ್ತಿರುವ ಡೋಸ್‌ಗೆ ಅದರ ಓದನ್ನು ಹೊಂದಿಸಿ ತಂದು, 50 ಕಿಲೋವೋಲ್ಟ್ ಮುಂದೆ ಇಟ್ಟರೆ ಅದು ಬೇರೆ ರಾಗ ಹಾಡುತ್ತದೆ. ಇಷ್ಟು ಕಡಿಮೆ ಶಕ್ತಿಯಲ್ಲಿ ಭಾರದ ಪರಮಾಣು ಇರುವ ವಸ್ತು ಎಕ್ಸ್-ರೇಯನ್ನು ಅಂಗಾಂಶಕ್ಕಿಂತ ಜಾಸ್ತಿ ಹೀರಿಕೊಳ್ಳುತ್ತದೆ. ಬಂದದ್ದಕ್ಕಿಂತ ಹೆಚ್ಚು ಬಂತು ಅಂತ ತೋರಿಸುತ್ತದೆ.

ಎಲೆಕ್ಟ್ರಾನ್ ಲೀನಾಕ್‌ನ ತೊಂದರೆ: ಒಮ್ಮೆಗೇ ನುಗ್ಗುವುದು

ಎಲೆಕ್ಟ್ರಾನ್‌ನಲ್ಲಿ ಮಿ.ಮೀ. ಅಷ್ಟು ಕಾಡುವುದಿಲ್ಲ. ಡೋಸ್ ಮೊದಲ ಒಂದೆರಡು ಸೆಂ.ಮೀ. ಹೆಚ್ಚುಕಡಿಮೆ ಮಟ್ಟಸವಾಗಿರುತ್ತದೆ. ಶಕ್ತಿಯ ರಗಳೆಯೂ ಕಡಿಮೆ. ಇಲ್ಲಿ ತೊಂದರೆ ಕೊಡುವುದು ಪಲ್ಸ್. ಲೀನಾಕ್‌ನ ವಿಕಿರಣ ಒಂದೇ ಸಮ ಹರಿಯುವುದಿಲ್ಲ, ಬಿಟ್ಟು ಬಿಟ್ಟು ಪುಟ್ಟ ಹೊಡೆತಗಳಾಗಿ ಬರುತ್ತದೆ. ಆ ಒಂದೊಂದು ಹೊಡೆತವೇ ಪಲ್ಸ್.

ಸಾಮಾನ್ಯ ಲೀನಾಕ್‌ನಲ್ಲಿ ಒಂದು ಪಲ್ಸ್‌ಗೆ ಒಂದು ಮಿಲಿಗ್ರೇಗಿಂತ ಕಡಿಮೆ ಬರುತ್ತದೆ. ನೊವಾಕ್7ನಂಥ ಮೆಷಿನ್‌ನಲ್ಲಿ ಒಂದು ಪಲ್ಸ್‌ಗೆ 25ರಿಂದ 120 ಮಿಲಿಗ್ರೇ. ಡೋಸ್ ಅಳೆಯುವ ಅಯಾನ್ ಚೇಂಬರ್ ಅಂದರೆ ಗಾಳಿ ತುಂಬಿದ ಪುಟ್ಟ ಡಬ್ಬಿ; ವಿಕಿರಣ ಬಿದ್ದಾಗ ಒಳಗೆ ಹುಟ್ಟುವ ವಿದ್ಯುತ್ ಕಣಗಳನ್ನು, ಅಂದರೆ ಅಯಾನ್‌ಗಳನ್ನು, ಅದು ಲೆಕ್ಕ ಹಾಕುತ್ತದೆ. ಒಳಗಿನ ಗಾಳಿಯಲ್ಲಿ ಅಷ್ಟೂ ಅಯಾನ್‌ಗಳು ಒಂದೇ ಕ್ಷಣಕ್ಕೆ ಹುಟ್ಟುತ್ತವೆ. ತೇರು ಎಳೆದು ಮುಗಿದ ಮೇಲೆ ಜನ ಎರಡು ದಿಕ್ಕಿಗೆ ಹೊರಟಂತೆ, ಪ್ಲಸ್ಸು ಒಂದು ಕಡೆ, ಮೈನಸ್ಸು ಇನ್ನೊಂದು ಕಡೆ ಹೊರಡಬೇಕು. ನೂಕುನುಗ್ಗಲಲ್ಲಿ ಕೆಲವು ನಡುದಾರಿಯಲ್ಲೇ ಒಂದಕ್ಕೊಂದು ಸಿಕ್ಕಿ ಜೋಡಿಯಾಗಿಬಿಡುತ್ತವೆ. ಅವು ತಂತಿ ಮುಟ್ಟುವುದಿಲ್ಲ, ಲೆಕ್ಕಕ್ಕೆ ಬರುವುದಿಲ್ಲ. ಚೇಂಬರ್ ಕಡಿಮೆ ತೋರಿಸುತ್ತದೆ.

ಇದಕ್ಕೆ ಪುಸ್ತಕದ ಮದ್ದು ಇದೆ. ಎರಡು ಬೇರೆ ವೋಲ್ಟೇಜ್‌ನಲ್ಲಿ ಅಳೆದು, ಎಷ್ಟು ಕಳೆದುಹೋಯಿತು ಅಂತ ಅಂದಾಜು ಹಾಕುವುದು. ಇಲ್ಲೊಂದು ಬಲೆ ಇದೆ. ಪಲ್ಸ್ ಇಷ್ಟು ಜೋರಾಗಿದ್ದಾಗ ಆ ಎರಡು ವೋಲ್ಟೇಜ್ ಲೆಕ್ಕ ಕಳೆದದ್ದಕ್ಕಿಂತ ಜಾಸ್ತಿ ಸೇರಿಸಿಬಿಡುತ್ತದೆ. ಕೆಲವು ಎಲೆಕ್ಟ್ರಾನ್‌ಗಳು ಗಾಳಿಗೆ ಅಂಟಿಕೊಳ್ಳದೆ ಸರ್ರನೆ ತಂತಿ ತಲುಪಿರುತ್ತವೆ, ಹಳೆಯ ಸೂತ್ರಕ್ಕೆ ಆ ವಿಷಯ ಗೊತ್ತಿಲ್ಲ. ತಪ್ಪು 20% ತನಕ ಹೋಗಬಹುದು ಅಂತ ಇಟಲಿಯ ಫಿಸಿಸಿಸ್ಟ್‌ಗಳು ತೋರಿಸಿದ್ದಾರೆ. ಆಮೇಲೆ ಮುಕ್ತ ಎಲೆಕ್ಟ್ರಾನ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ತಿದ್ದುಪಡಿಗಳು ಬಂದವು. ಮೊಬೆಟ್ರಾನ್‌ನಲ್ಲಿ ಪಲ್ಸ್ ಇಷ್ಟು ಜೋರಿಲ್ಲ, ಹಾಗಾಗಿ ತಲೆನೋವು ಕಡಿಮೆ. "ಐಒಆರ್‌ಟಿ ಲೀನಾಕ್" ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ ಅನ್ನುವುದು ಇದಕ್ಕೇ.

ಅಯಾನ್ ಚೇಂಬರ್: ಮನೆಯ ಅಡಿಪಾಯ

ಏನೇ ತೊಂದರೆ ಇದ್ದರೂ ಮೊದಲ ಖರೀದಿ ಚೇಂಬರೇ. ಪ್ರಯೋಗಾಲಯದಲ್ಲಿ ಅದಕ್ಕೆ ಪ್ರಮಾಣಪತ್ರ ಸಿಗುತ್ತದೆ, ನಮ್ಮ ದೇಶದಲ್ಲಿ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದಿಂದ. ಉಳಿದ ಡಿಟೆಕ್ಟರ್‌ಗಳೆಲ್ಲ ಕೊನೆಗೆ ಚೇಂಬರ್‌ನ ಮಾತನ್ನೇ ನಂಬಿಕೊಂಡಿರುತ್ತವೆ.

ಎಲೆಕ್ಟ್ರಾನ್‌ಗೆ ಚಪ್ಪಟೆ ಚೇಂಬರ್ ಬೇಕು. ಪಿಟಿಡಬ್ಲ್ಯೂ ಕಂಪನಿಯ ಮೂರು ಚೇಂಬರ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರೂಸ್: 0.35 ಘನ ಸೆಂ.ಮೀ. ಗಾಳಿ, ಫಲಕಗಳ ನಡುವೆ 2 ಮಿ.ಮೀ. ಮಾರ್ಕಸ್: ಗಾಳಿ ಬಹಳ ಕಡಿಮೆ, ಅಂತರ 2 ಮಿ.ಮೀ.ಯೇ. ಅಡ್ವಾನ್ಸ್‌ಡ್ ಮಾರ್ಕಸ್: 0.02 ಘನ ಸೆಂ.ಮೀ., ಅಂತರ 1 ಮಿ.ಮೀ. ಅಯಾನ್‌ಗಳು ಕಳೆದುಹೋಗುವ ಪ್ರಮಾಣ ಸ್ಥೂಲವಾಗಿ ಅಂತರದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಅಂತರ ಅರ್ಧವಾದರೆ, ಅದೇ ವೋಲ್ಟೇಜ್‌ನಲ್ಲಿ, ನಷ್ಟ ಕಾಲು ಭಾಗ. ಆದ್ದರಿಂದ ಜೋರು ಪಲ್ಸ್ ಮೆಷಿನ್ ಇದ್ದರೆ ಅಡ್ವಾನ್ಸ್‌ಡ್ ಮಾರ್ಕಸ್ ಬಿಟ್ಟು ಬೇರೆ ಯೋಚಿಸಬೇಡಿ. ಮಾಮೂಲಿ ಲೀನಾಕ್‌ನಲ್ಲಿ ರೂಸ್ ಎಷ್ಟೇ ಮೆಚ್ಚಿನದಾದರೂ, ಇಲ್ಲಿ ಅದು ಕಪಾಟಿನಲ್ಲೇ ಇರಲಿ.

50 ಕಿಲೋವೋಲ್ಟ್‌ಗೆ ಬೇಕಾದದ್ದು ತೆಳು ಕಿಟಕಿಯ ಮೃದು ಎಕ್ಸ್-ರೇ ಚೇಂಬರ್. ಇಂಟ್ರಾಬೀಮ್‌ನ ನೀರಿನ ಫ್ಯಾಂಟಮ್‌ನಲ್ಲಿ (ಅಳೆಯುವಾಗ ರೋಗಿಯ ಮೈ ಬದಲು ಇಡುವ ನೀರಿನ ತೊಟ್ಟಿ) ಬಳಸುವ ಪಿಟಿಡಬ್ಲ್ಯೂ 34013 ಬರಿ 0.005 ಘನ ಸೆಂ.ಮೀ.ನದು. ಗುಂಡಿಲ್ಲದ ಬರಿ ಕೊಳವೆಯನ್ನು 5 ಮಿ.ಮೀ. ದೂರದಲ್ಲಿ ಅಳೆಯುವಾಗ ಚೇಂಬರ್ 0.1 ಮಿ.ಮೀ. ಅತ್ತಿತ್ತ ಆದರೆ ಡೋಸ್ ಸುಮಾರು 4% ಬದಲಾಗುತ್ತದೆ. ಒಂದು ಕಾಗದದ ದಪ್ಪ! ಕೈಯಿಂದ ಹೊಂದಿಸಿ "ಸರಿ ಹೋಯ್ತು" ಅನ್ನುವ ಕೆಲಸ ಇದಲ್ಲ. ಯಂತ್ರದಿಂದ ಸರಿಸುವ ಫ್ಯಾಂಟಮ್‌ಗೇ ದುಡ್ಡು ಹಾಕಿ. ದಿನದಿನದ ತಪಾಸಣೆಗೆ ಮೆಷಿನ್ ಜೊತೆಯೇ ಸಾಮಾನು ಬರುತ್ತದೆ: ಕೊಳವೆ ನೆಟ್ಟಗಿದೆಯೇ ನೋಡುವುದಕ್ಕೂ ಉತ್ಪತ್ತಿ (ಎಷ್ಟು ವಿಕಿರಣ ಹೊರಬರುತ್ತಿದೆ) ಅಳೆಯುವುದಕ್ಕೂ ಒಂದು ಚೇಂಬರ್ ಹಿಡಿಕೆ, ಎಲ್ಲ ದಿಕ್ಕಿಗೂ ಸಮನಾಗಿ ಬರುತ್ತಿದೆಯೇ ನೋಡಲು ಐದು ಡಯೋಡ್‌ಗಳ ಡಬ್ಬಿ. ಅವು ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಇದೆಯೇ ಅಂತ ಹೇಳುತ್ತವೆ. ನಿನ್ನೆಯದೇ ತಪ್ಪಾಗಿದ್ದರೆ ಹೇಳುವುದಿಲ್ಲ.

ಝಾಫ್ಟ್‌ನ ದಾರಿ ಬೇರೆ. ಅಲ್ಲಿ ಟ್ಯೂಬ್ ಕೆಲವೇ ಬಳಕೆಗೆ ಮುಗಿದು ಹೊಸದು ಬರುತ್ತದೆ. ಹಾಗಾಗಿ ಚಿಕಿತ್ಸೆಗೆ ಮೊದಲು ಬಾವಿಯ ಆಕಾರದ ಚೇಂಬರ್‌ನಲ್ಲಿ ಟ್ಯೂಬ್ ಇಳಿಸಿ ಅಳೆಯುತ್ತಾರೆ, ವಿಕಿರಣದ ಮೂಲವನ್ನೇ ಮೈಯೊಳಗೆ ಇಡುವ ಬ್ರಾಕಿಥೆರಪಿಯವರ ಹಾಗೆ.

ಇಂಟ್ರಾಬೀಮ್‌ನವರು ತಿಳಿದಿರಬೇಕಾದ ಇನ್ನೊಂದು ಮಾತು. ಟಾರ್ಗಿಟ್ ಅಧ್ಯಯನ ಶುರುವಾದಾಗ ಬಳಸಿದ ಡೋಸ್ ಲೆಕ್ಕವೂ, ಆಮೇಲೆ ಬಂದ ನೀರಿನ ಡೋಸ್ ಲೆಕ್ಕವೂ ಒಂದೇ ಸಂಖ್ಯೆ ಕೊಡುವುದಿಲ್ಲ. ಹಳೆಯ ಲೆಕ್ಕದ 20 ಗ್ರೇ, ಹೊಸ ಲೆಕ್ಕದಲ್ಲಿ ಅದಕ್ಕಿಂತ ಜಾಸ್ತಿ. ನಿಮ್ಮ ಡಿಟೆಕ್ಟರ್ 20ರ ಜಾಗದಲ್ಲಿ 24 ತೋರಿಸಿದರೆ ಕೂಡಲೇ ಅದನ್ನು ಬೈಯಬೇಡಿ. ಮೊದಲು ಪರದೆಯ ಮೇಲಿನ 20 ಯಾವ ಲೆಕ್ಕದ್ದು ಅಂತ ನೋಡಿ.

ಬೆಂಗಳೂರಿನವರಿಗೆ ಒಂದು ಕಿವಿಮಾತು. ಈ ಚೇಂಬರ್‌ಗಳ ಒಳಗಿರುವುದು ಹೊರಗಿನ ಗಾಳಿಯೇ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ ಗಾಳಿ ತೆಳು, ಒತ್ತಡ ಸುಮಾರು 910 ಹೆಕ್ಟೋಪಾಸ್ಕಲ್. ಚೇಂಬರ್‌ನ ಓದನ್ನು ಗುಣಿಸಬೇಕಾದ ತಿದ್ದುಪಡಿ ಸುಮಾರು 1.11. ಮಂಗಳೂರಿನಲ್ಲಿ ಅದು 1ರ ಹತ್ತಿರ. ಮೊಬೈಲ್‌ನ ಹವಾಮಾನ ಆ್ಯಪ್ ನೋಡಿ ಒತ್ತಡ ಬರೆದುಕೊಂಡರೆ ಕೆಟ್ಟಿರಿ. ಅದು ಸಮುದ್ರ ಮಟ್ಟಕ್ಕೆ ಇಳಿಸಿದ ಒತ್ತಡವನ್ನೇ ತೋರಿಸುತ್ತದೆ, 1010ರ ಆಸುಪಾಸು. ಒಂದೇ ಏಟಿಗೆ 11% ತಪ್ಪು. ಒಳ್ಳೆಯ ಬ್ಯಾರೋಮೀಟರ್ ಇಟ್ಟುಕೊಳ್ಳಿ. ಥಿಯೇಟರ್‌ನ ಏಸಿಯಲ್ಲಿ ಫ್ಯಾಂಟಮ್ ತಂಪಾಗುವ ತನಕ ಕಾಯಿರಿ. ಬಾವಿ ಚೇಂಬರ್‌ನಲ್ಲಿ ಕಡಿಮೆ ಶಕ್ತಿಯ ಮೂಲ ಅಳೆಯುವಾಗ ಇನ್ನೊಂದು ತಿರುವು ಇದೆ: ಎತ್ತರದ ಊರಲ್ಲಿ ಮಾಮೂಲಿ ಒತ್ತಡದ ತಿದ್ದುಪಡಿ ಸ್ವಲ್ಪ ಅತಿಯಾಗುತ್ತದೆ. ಅದಕ್ಕೆ ಬೇರೆಯೇ ತಿದ್ದುಪಡಿ ಹಾಕಬೇಕು.

ಫಿಲಂ: ನನ್ನ ಪಕ್ಷಪಾತ

ಚೇಂಬರ್ ಆದ ಮೇಲೆ ಒಂದೇ ಒಂದು ಕೊಳ್ಳಲು ದುಡ್ಡಿದೆ ಅಂದರೆ ನಾನು ಫಿಲಂ ಅನ್ನುತ್ತೇನೆ. ಗಾಫ್‌ಕ್ರೋಮಿಕ್ ಫಿಲಂ. ಡಾರ್ಕ್‌ರೂಮ್ ಬೇಡ, ತೊಳೆಯುವುದು ಬೇಡ. ವಿಕಿರಣ ಬಿದ್ದಲ್ಲಿ ತಾನೇ ಬಣ್ಣ ಗಾಢವಾಗುತ್ತದೆ. ಕತ್ತರಿಯಲ್ಲಿ ಬೇಕಾದ ಆಕಾರಕ್ಕೆ ಕತ್ತರಿಸಬಹುದು. ಪಲ್ಸ್ ಜೋರಾಗಿದ್ದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಹುಮಟ್ಟಿಗೆ ಅಂಗಾಂಶದಂಥದ್ದೇ ಹಗುರ ವಸ್ತು, ಹಾಗಾಗಿ ಕಡಿಮೆ ಶಕ್ತಿಯಲ್ಲೂ ಪಟ್ಟುಗಟ್ಟಲೆ ತಪ್ಪು ತೋರಿಸುವುದಿಲ್ಲ. ಅಂದರೆ ಮೇಲೆ ಹೇಳಿದ ಮೂರೂ ತೊಂದರೆಗಳಿಗೆ, ದಪ್ಪ, ಶಕ್ತಿ, ಪಲ್ಸ್, ಇದೊಂದೇ ಚೆನ್ನಾಗಿ ತಡೆದುಕೊಳ್ಳುತ್ತದೆ.

ಎಲ್ಲಕ್ಕಿಂತ ದೊಡ್ಡ ಗುಣ: ಇದು ಚಿತ್ರ ಕೊಡುತ್ತದೆ. ಉಳಿದವು ಒಂದು ಸಂಖ್ಯೆ ಕೊಟ್ಟು ಸುಮ್ಮನಾಗುತ್ತವೆ.

ಎಲೆಕ್ಟ್ರಾನ್ ಚಿಕಿತ್ಸೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಅಲ್ಲಿ ಎದೆಗೂಡು, ಶ್ವಾಸಕೋಶ ಕಾಪಾಡಲು ಸ್ತನದ ಅಂಗಾಂಶದ ಕೆಳಗೆ ಒಂದು ಲೋಹದ ಬಿಲ್ಲೆ ಇಡುತ್ತಾರೆ. ಮೇಲೆ ಅಲ್ಯೂಮಿನಿಯಂನಂಥ ಹಗುರ ಪದರ, ಕೆಳಗೆ ಸೀಸ. ಬಿಲ್ಲೆ ಇಟ್ಟು ಅಂಗಾಂಶ ಮುಚ್ಚಿದ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ. ಮೇಲಿನಿಂದ ಬರುವ ಅಪ್ಲಿಕೇಟರ್ ಸರಿಯಾಗಿ ಅದರ ನೆತ್ತಿಯ ಮೇಲೇ ಕೂತಿದೆಯೇ? ಇಟಲಿಯ ಟ್ರಿಯೆಸ್ಟೆಯ ತಂಡ ಬಿಲ್ಲೆಯ ಮೇಲೆ ಫಿಲಂ ಇಟ್ಟು ಇದನ್ನು ಪರೀಕ್ಷಿಸಿತು, 2015ರಲ್ಲಿ ಪ್ರಕಟಿಸಿತು. ಫಿಲಂ ಮೇಲೆ ವಿಕಿರಣದ ವೃತ್ತ ಬಿಲ್ಲೆಯ ಅಂಚಿನಿಂದ ಜಾರಿದ್ದರೆ ನೇರ ಕಾಣುತ್ತದೆ. ಬೇರೆ ಯಾವ ಡಿಟೆಕ್ಟರ್ ಇದನ್ನು ಹೇಳೀತು? ನಡುವಿನ ಡೋಸ್ ಸರಿಯಾಗೇ ಇರುತ್ತದೆ, ಎಲ್ಲರೂ ಖುಷಿಯಾಗಿ ಮನೆಗೆ ಹೋಗುತ್ತಾರೆ. ಮಿಲಾನ್‌ನಲ್ಲಂತೂ 2003ರ ಹೊತ್ತಿಗೇ ರೋಗಿಯ ಮೇಲೆ ಫಿಲಂ ಇಟ್ಟು ಅಳೆದ ಅನುಭವ ಪ್ರಕಟವಾಗಿತ್ತು.

ಈಗ ಫಿಲಂನ ಕಿರಿಕಿರಿ. ಮೊದಲನೆಯದು, ಯಾವ ಫಿಲಂ? ಇಬಿಟಿ3 (ಈಗ ಅದರ ಜಾಗಕ್ಕೆ ಬಂದಿರುವುದು ಇಬಿಟಿ4) ಎಲ್ಲ ಕಡೆ ಇರುತ್ತದೆ, ಆದರೆ ಅದು ಹಾಯಾಗಿ ಕೆಲಸ ಮಾಡುವುದು 10 ಗ್ರೇ ಒಳಗೆ. 20 ಗ್ರೇಗೆ ಸ್ಕ್ಯಾನರ್‌ನಲ್ಲಿ ಅದರ ಕೆಂಪು ಬಣ್ಣದ ಓದು ಹೆಚ್ಚುಕಡಿಮೆ ಮೇಲ್ಮಟ್ಟ ಮುಟ್ಟಿರುತ್ತದೆ, ಹಸಿರಿಗೆ ಹೋಗಬೇಕು. ಇಬಿಟಿ-ಎಕ್ಸ್‌ಡಿ 40 ಗ್ರೇ ತನಕ ಬರುತ್ತದೆ. ಗುಂಡಿನ ಮೈಗೆ ಎಕ್ಸ್‌ಡಿ, ಚರ್ಮದ ಮೇಲೆ ಇಬಿಟಿ3 ಅಥವಾ 4, ಹೀಗೆ ಹಂಚಿಕೊಳ್ಳಿ.

ಎರಡನೆಯದು, ತಾಳ್ಮೆ. ವಿಕಿರಣ ಬಿದ್ದ ಮೇಲೂ ಬಣ್ಣ ಗಂಟೆಗಟ್ಟಲೆ ಏರುತ್ತಲೇ ಇರುತ್ತದೆ. 24 ಗಂಟೆ ಬಿಟ್ಟು ಓದುವುದು ರೂಢಿ. ಹದಮಾಡುವ ಫಿಲಂಗೆ ಎಷ್ಟು ಹೊತ್ತು ಕಾದಿರೋ ರೋಗಿಯ ಫಿಲಂಗೂ ಅಷ್ಟೇ ಕಾಯಬೇಕು. ಸ್ಕ್ಯಾನರ್ ಮೇಲೆ ಅಡ್ಡ ಇಟ್ಟರೆ ಒಂದು ಸಂಖ್ಯೆ, ಉದ್ದ ಇಟ್ಟರೆ ಇನ್ನೊಂದು. ಕತ್ತರಿಸುವ ಮೊದಲೇ ಪ್ರತಿ ತುಂಡಿನ ಮೂಲೆಯಲ್ಲಿ ದಿಕ್ಕಿನ ಗುರುತು ಹಾಕಿ. ಇದನ್ನು ನಾನು ಕಲಿತದ್ದು 30 ತುಂಡು ಕತ್ತರಿಸಿ, ಎಲ್ಲ ಒಂದೇ ಲಕೋಟೆಗೆ ಸುರಿದ ಮೇಲೆ. ಆ ಸಂಜೆ ಬೆಳಕಿಗೆ ಹಿಡಿದು ಹಿಡಿದು ನೋಡಿದರೂ ಉದ್ದ ಯಾವುದು ಅಡ್ಡ ಯಾವುದು ಗೊತ್ತಾಗಲಿಲ್ಲ. ಅಷ್ಟನ್ನೂ ಎಸೆದೆ.

ಮೂರನೆಯದು ನೀರು. ಕತ್ತರಿಸಿದ ಅಂಚಿನಿಂದ ನೀರು ಪದರದೊಳಗೆ ಇಳಿಯುತ್ತದೆ. ರಕ್ತವೂ ಅಷ್ಟೇ. ತೆಳು ಸ್ಟೆರೈಲ್ ಚೀಲದೊಳಗೆ ಸೀಲ್ ಮಾಡಿ ಇಡಿ. ಥಿಯೇಟರ್ ಸಿಸ್ಟರ್ ಬೇರೆ ಸಾಮಾನಿನ ಜೊತೆ ಆಟೋಕ್ಲೇವ್‌ಗೆ ಹಾಕದ ಹಾಗೆ ನೋಡಿಕೊಳ್ಳಿ, ಶಾಖಕ್ಕೆ ಫಿಲಂ ಕೆಟ್ಟುಹೋಗುತ್ತದೆ. ಮತ್ತೆ 50 ಕಿಲೋವೋಲ್ಟ್‌ಗೆ ಬಳಸುವುದಾದರೆ ಅದೇ ಮೆಷಿನ್‌ನ ಎದುರು ಹದಮಾಡಿ. ತಪ್ಪು ಚಿಕ್ಕದು ಅಂದೆನೇ ಹೊರತು ಇಲ್ಲವೇ ಇಲ್ಲ ಅನ್ನಲಿಲ್ಲ.

ಟಿಎಲ್‌ಡಿ ಮತ್ತು ಒಎಸ್‌ಎಲ್‌ಡಿ

ನಾವು ಎದೆಯ ಮೇಲೆ ಹಾಕಿಕೊಳ್ಳುವ ಬ್ಯಾಡ್ಜ್‌ನಲ್ಲಿ ಇರುವುದೂ ಟಿಎಲ್‌ಡಿಯೇ. ಭಾರತದ ಬ್ಯಾಡ್ಜ್‌ನಲ್ಲಿ ಕ್ಯಾಲ್ಸಿಯಂ ಸಲ್ಫೇಟ್. ರೋಗಿಯ ಡೋಸ್‌ಗೆ ಅದು ಬೇಡ. ಅಂಗಾಂಶಕ್ಕೆ ಹತ್ತಿರದ ಲಿಥಿಯಂ ಫ್ಲೋರೈಡ್ ಬೇಕು. ಅದೂ 30 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಆಸುಪಾಸಿನಲ್ಲಿ ಕೋಬಾಲ್ಟ್‌ಗಿಂತ ಸುಮಾರು 30–40% ಜಾಸ್ತಿ ತೋರಿಸುತ್ತದೆ. ಜೊತೆಗೆ 1 ಗ್ರೇ ದಾಟಿದರೆ ಡೋಸ್ ಏರಿದ್ದಕ್ಕಿಂತ ಸಂಕೇತ ಜಾಸ್ತಿ ಏರುತ್ತದೆ. 400 ಡಿಗ್ರಿ ಒಲೆ, ರೀಡರ್, ಪ್ರತಿ ಚಿಪ್‌ಗೂ ಅದರದೇ ಜಾತಕ. ಇದೆಲ್ಲ ಆಗಲೇ ನಿಮ್ಮ ವಿಭಾಗದಲ್ಲಿ ಓಡುತ್ತಿದ್ದರೆ ಚರ್ಮದ ಡೋಸ್ ನೋಡಲು ಖಂಡಿತ ಬಳಸಿ. ಗುಂಡಿನ ಹತ್ತಿರದ ಚರ್ಮದ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಚಿಪ್ ಇಡುವುದು ಸುಲಭ. ಇದಕ್ಕಾಗಿಯೇ ಹೊಸದಾಗಿ ಕಟ್ಟಲು ಹೊರಟಿದ್ದರೆ ನಾನು ಬೇಡ ಅನ್ನುತ್ತೇನೆ.

ಒಎಸ್‌ಎಲ್‌ಡಿ ಚುರುಕು. ಬೆಳಕು ಬಿಟ್ಟು ಓದುವುದು, ಕೆಲವೇ ನಿಮಿಷದ ಕೆಲಸ, ಮತ್ತೆ ಓದಿದರೂ ಮಾಹಿತಿ ಉಳಿದಿರುತ್ತದೆ. ಎಲೆಕ್ಟ್ರಾನ್‌ಗೆ ಪರವಾಗಿಲ್ಲ. 50 ಕಿಲೋವೋಲ್ಟ್‌ಗೆ ಮಾತ್ರ ಬೇಡವೇ ಬೇಡ ಅನ್ನುವಷ್ಟು ಹತ್ತಿರ ಬರುತ್ತೇನೆ. ಅದರೊಳಗಿನ ಅಲ್ಯೂಮಿನಿಯಂ ಆಕ್ಸೈಡ್ ಈ ಶಕ್ತಿಯಲ್ಲಿ ಮೂರು ಪಟ್ಟಿಗೂ ಹೆಚ್ಚು ತೋರಿಸುತ್ತದೆ. ಲೀನಾಕ್‌ನಲ್ಲಿ ಹದಮಾಡಿದ್ದನ್ನು ಹಾಗೇ ತಂದು ಚರ್ಮದ ಮೇಲೆ ಇಟ್ಟಿರಿ ಅಂತಿಟ್ಟುಕೊಳ್ಳಿ. ಬಿದ್ದದ್ದು 2 ಗ್ರೇ, ರೀಡರ್ ಹೇಳುವುದು 6ಕ್ಕಿಂತ ಜಾಸ್ತಿ. ಸರ್ಜನ್‌ಗೆ ಫೋನು, ವಾರ್ಡ್‌ನಲ್ಲಿ ಗಾಬರಿ. ಅದೇ ಕಿರಣದಲ್ಲಿ ಹದಮಾಡಿದರೆ ಬಳಸಬಹುದು ನಿಜ. ಆದರೆ ಆಳಕ್ಕೆ ಹೋದಂತೆ ಕಿರಣದ ಗುಣವೂ ಬದಲಾಗುತ್ತದೆ. ಪಟ್ಟು ಇಷ್ಟು ದೊಡ್ಡದಿದ್ದಾಗ ಆ ಚಿಕ್ಕ ಬದಲಾವಣೆಯೂ ಕಾಡುತ್ತದೆ.

ಮಾಸ್‌ಫೆಟ್: ಆ ಕ್ಷಣಕ್ಕೆ ಉತ್ತರ ಬೇಕು ಅಂದರೆ

ಇಲ್ಲಿ ತನಕ ಹೇಳಿದ ಫಿಲಂ, ಟಿಎಲ್‌ಡಿ ಎಲ್ಲವೂ ಊಟ ಆದ ಮೇಲೆ ಉಪ್ಪು ಎಷ್ಟಿತ್ತು ಅಂತ ಹೇಳುವವು. ಮಾಸ್‌ಫೆಟ್ ಬಡಿಸುವಾಗಲೇ ಹೇಳುತ್ತದೆ. ಸಣ್ಣ ಟ್ರಾನ್ಸಿಸ್ಟರ್, ತೆಳು ತಂತಿ. ಸ್ಟೆರೈಲ್ ಕ್ಯಾತಿಟರ್ ಒಳಗೆ ತೂರಿಸಿ ಬೇಕಾದಲ್ಲಿ ಇಡಬಹುದು. ಎಲಿಯಟ್ ತಂಡ ಫಿಲಂ ಆದ ಮೇಲೆ ಇದನ್ನೂ ಬಳಸಿತು.

ಎಲೆಕ್ಟ್ರಾನ್‌ನಲ್ಲಿ ಇದರ ಲಾಭ ಸ್ಪಷ್ಟ. ಡೋಸ್ ಅನ್ನು ಎರಡು ಕಂತು ಮಾಡಿ, ಮೊದಲ ಚಿಕ್ಕ ಕಂತು ಕೊಟ್ಟು, ಮಾಸ್‌ಫೆಟ್ ಓದಿ, ಸರಿಯಿದ್ದರೆ ಉಳಿದದ್ದು ಕೊಡಬಹುದು. ಅಪ್ಲಿಕೇಟರ್ ಕೆಳಗೆ ರಕ್ತವೋ ದ್ರವವೋ ತುಂಬಿಕೊಂಡಿದ್ದರೆ ಅಲ್ಲೇ ಸಂಶಯ ಬರುತ್ತದೆ. ಎಕ್ಸ್-ರೇ ಗುಂಡಿನಲ್ಲಿ ಅರ್ಧ ಗಂಟೆ ಸಮಯ ಇರುವುದರಿಂದ ನೋಡುತ್ತಾ ಕೂರಲು ಇನ್ನೂ ಅನುಕೂಲ. ಆದರೆ ಒಎಸ್‌ಎಲ್‌ಡಿಯ ಕಾಯಿಲೆ ಇದಕ್ಕೂ ಇದೆ: ಕಡಿಮೆ ಶಕ್ತಿಯಲ್ಲಿ ಮೂರು ಪಟ್ಟಿನ ಆಸುಪಾಸು ಅತಿಯಾಗಿ ತೋರಿಸುತ್ತದೆ. ಜೊತೆಗೆ ಪ್ರತಿ ಸಲ ವಿಕಿರಣ ತಿಂದಾಗ ಇದರ ಆಯಸ್ಸು ಕರಗುತ್ತದೆ. 20 ಗ್ರೇ ಏಟುಗಳಿಗೆ ಬೇಗ ಮುಗಿಯುತ್ತದೆ. ಖರ್ಚಿನ ಲೆಕ್ಕ ಹಾಕುವಾಗ ರೀಡರ್‌ನ ಬೆಲೆ ನೋಡಬೇಡಿ, ವರ್ಷಕ್ಕೆ ಎಷ್ಟು ಸೆನ್ಸರ್ ಸುಡುತ್ತೀರಿ ಅಂತ ನೋಡಿ.

ಹೊರಗಿನ ಸಾಕ್ಷಿಗಳು

ಜೋರು ಪಲ್ಸ್ ಮೆಷಿನ್‌ಗೆ ಚೇಂಬರ್ ಹೇಳಿದ್ದು ಸರಿಯೇ ಅಂತ ಕೇಳಲು ಪಲ್ಸ್‌ಗೆ ಅಂಜದ ಒಬ್ಬ ಸಾಕ್ಷಿ ಬೇಕು. ಫ್ರಿಕೆ ದ್ರಾವಣ ಅಂಥದ್ದು. ವಿಕಿರಣ ಬಿದ್ದರೆ ಫೆರಸ್ ಕಬ್ಬಿಣ ಫೆರಿಕ್ ಆಗುತ್ತದೆ, ಅದನ್ನು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಅಳೆಯುತ್ತಾರೆ. ಇಟಲಿಯಲ್ಲಿ ನೊವಾಕ್7 ಬಳಸುವ ಆಸ್ಪತ್ರೆಗಳಿಗೆ ಆಸರೆಯಾದದ್ದು ಇದೇ. ಅಲನೈನ್ ಇನ್ನೊಂದು: ಅಮೈನೋ ಆಮ್ಲದ ಪುಟ್ಟ ಗುಳಿಗೆ. ಮೆಷಿನ್ ಕೆಳಗೆ ಇಟ್ಟು, ಲಕೋಟೆಗೆ ಹಾಕಿ ಪ್ರಯೋಗಾಲಯಕ್ಕೆ ಅಂಚೆಯಲ್ಲಿ ಕಳಿಸಬಹುದು. ಕೆಲವು ಗ್ರೇ ಆದರೂ ಬೀಳದಿದ್ದರೆ ಅದಕ್ಕೆ ತಿಳಿಯುವುದಿಲ್ಲ, ಐಒಆರ್‌ಟಿಯಲ್ಲಿ ಆ ಚಿಂತೆ ಇಲ್ಲ. 50 ಕಿಲೋವೋಲ್ಟ್‌ನಲ್ಲಿ ಮಾತ್ರ ಇದು ಕಡಿಮೆ ತೋರಿಸುತ್ತದೆ, ತಿದ್ದುಪಡಿ ಬೇಕು. ಇವೆರಡನ್ನೂ ಕೊಳ್ಳುವ ಸಾಮಾನು ಅಂತ ನೋಡಬೇಡಿ. ಮೆಷಿನ್ ಬಂದಾಗ ಒಮ್ಮೆ, ಆಮೇಲೆ ಆಗಾಗ ಪಡೆಯುವ ಸೇವೆ.

ಸಿಂಥೆಟಿಕ್ ವಜ್ರದ ಡಿಟೆಕ್ಟರ್ ನನಗೆ ಇಷ್ಟ. ಮೈಕ್ರೋಡೈಮಂಡ್‌ನ ಅಳೆಯುವ ಭಾಗ 2.2 ಮಿ.ಮೀ. ಅಗಲ, ಬರಿ 1 ಮೈಕ್ರೋಮೀಟರ್ ದಪ್ಪ. ಕಾರ್ಬನ್ ಆದ್ದರಿಂದ ಅಂಗಾಂಶಕ್ಕೆ ಹತ್ತಿರ. ಎಲೆಕ್ಟ್ರಾನ್ ಐಒಆರ್‌ಟಿಯಲ್ಲಿ ಆಳಕ್ಕೂ ಅಡ್ಡಕ್ಕೂ ಡೋಸ್ ಹೇಗೆ ಬದಲಾಗುತ್ತದೆ ಅನ್ನುವ ರೇಖೆ ತೆಗೆಯಲು ಚೆನ್ನಾಗಿದೆ. ಈಗ ಇದೇ ಜಾತಿಯ ಮೆಷಿನ್‌ಗಳನ್ನು ಕ್ಷಣಾರ್ಧದಲ್ಲಿ ಡೋಸ್ ಪೂರ್ತಿ ಕೊಡುವ ಫ್ಲ್ಯಾಶ್ ಪ್ರಯೋಗಕ್ಕೆ ತಿರುಗಿಸುತ್ತಿದ್ದಾರೆ. ಅಲ್ಲಿ ಒಂದು ಪಲ್ಸ್‌ಗೆ 1 ಗ್ರೇಗೂ ಮೀರುತ್ತದೆ, ಅದಕ್ಕೆಂದೇ ಬೇರೆ ವಜ್ರ ಬಂದಿದೆ. ಆ ಕಥೆ ಇನ್ನೊಮ್ಮೆ.

ಹಾಗಾದರೆ ಏನು ತರಿಸೋಣ?

ಇಂಟ್ರಾಬೀಮ್ ಇದ್ದರೆ: ಮೃದು ಎಕ್ಸ್-ರೇ ಚೇಂಬರ್, ಯಂತ್ರದಿಂದ ಸರಿಸುವ ನೀರಿನ ಫ್ಯಾಂಟಮ್, ಎರಡೂ ಬಗೆಯ ಫಿಲಂ, ಒಂದು ಒಳ್ಳೆ ಸ್ಕ್ಯಾನರ್. ಚರ್ಮದ ಡೋಸ್‌ಗೂ ಫಿಲಂ ಸಾಕು. ಮಾಸ್‌ಫೆಟ್ ಬಗ್ಗೆ ಎರಡನೇ ವರ್ಷ ಯೋಚಿಸಿ.

ಜೋರು ಪಲ್ಸ್‌ನ ಎಲೆಕ್ಟ್ರಾನ್ ಮೆಷಿನ್ ಇದ್ದರೆ: ಅಡ್ವಾನ್ಸ್‌ಡ್ ಮಾರ್ಕಸ್, ಜೊತೆಗೆ ಅಲನೈನ್ ಅಥವಾ ಫ್ರಿಕೆ ಸೇವೆ. ಎರಡೂ ಹೊಂದುವ ತನಕ ರೋಗಿ ಬೇಡ. ಬಿಲ್ಲೆಯ ಮೇಲೆ ಇಡಲು ಫಿಲಂ. ದುಡ್ಡಿದ್ದರೆ ವಜ್ರ, ಆಮೇಲೆ ಮಾಸ್‌ಫೆಟ್. ಮೆಷಿನ್ ಥಿಯೇಟರ್‌ನಿಂದ ಥಿಯೇಟರ್‌ಗೆ ಹೊಸ್ತಿಲು ದಾಟುತ್ತಾ ಓಡಾಡುತ್ತದೆ. ಚಿಕಿತ್ಸೆ ಇರುವ ದಿನ ಬೆಳಿಗ್ಗೆ ಉತ್ಪತ್ತಿಯನ್ನೂ ಶಕ್ತಿಯನ್ನೂ ಅಳೆಯಲು ಒಂದು ಚಿಕ್ಕ ಪ್ಲಾಸ್ಟಿಕ್ ಫ್ಯಾಂಟಮ್ ಅದರ ಜೊತೆಯೇ ಇರಲಿ.

ಮೊಬೆಟ್ರಾನ್ ಇದ್ದರೆ ನಿಮ್ಮಲ್ಲಿ ಆಗಲೇ ಇರುವ ಚಪ್ಪಟೆ ಚೇಂಬರ್‌ನಿಂದಲೇ ಶುರುಮಾಡಬಹುದು. ಆದರೂ ಅಯಾನ್ ನಷ್ಟ ಎಷ್ಟಿದೆ ಅಂತ ಒಮ್ಮೆ ಅಳೆದು ಬರೆದಿಡಿ.

ಇನ್ನು ಆರ್ಡರ್ ಹಾಕುವಾಗಿನ ಮಾತು. ಚೇಂಬರ್‌ನ ಪ್ರಮಾಣಪತ್ರ ಯಾವ ಕಿರಣಕ್ಕೆ ಬೇಕು ಅಂತ ಆರ್ಡರ್‌ನಲ್ಲೇ ಬರೆಯಿರಿ. ಬರೆಯದಿದ್ದರೆ ಮೃದು ಎಕ್ಸ್-ರೇ ಚೇಂಬರ್ ಕೂಡ ನಿಮಗೆ ಬೇಡದ ಯಾವುದೋ ಶಕ್ತಿಯ ಪತ್ರ ಹಿಡಿದು ಬರಬಹುದು. ಅದನ್ನು ವಾಪಸ್ ಕಳಿಸಿ ತರಿಸುವ ತನಕ ಮೆಷಿನ್ ಥಿಯೇಟರ್‌ನ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿರುತ್ತದೆ. ಫಿಲಂ ಒಂದೇ ಬ್ಯಾಚ್‌ನದು ಬರಲಿ, ಅವಧಿ ದಿನಾಂಕ ನೋಡಿಯೇ ಸಹಿ ಹಾಕಿ.